ಥೀಸಿಸ್ ಕಾಪಿ ಅಂತ ಗೊತ್ತಾದ್ರೆ ಯಾರಿಗೆ ಹೇಳೋದು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಯೂನಿವರ್ಸಿಟಿ ಒಂದರಲ್ಲಿ ಕನ್ನಡ ಎಂ.ಎ.ಗೆ ಪಾಠ ಮಾಡೋ ಗೆಸ್ಟ್ ಲೆಕ್ಚರರ್. ನಮ್ಮ ವಿಭಾಗದ ಪಿಎಚ್‌ಡಿ ಹುಡುಗ ಒಬ್ಬ ಕಾಗುಣಿತ ನೋಡಿಕೊಡಿ ಅಂತ ಥೀಸಿಸ್ ಕೊಟ್ಟಿದ್ದ, ಓದ್ತಾ ಓದ್ತಾ ಇದನ್ನ ಎಲ್ಲೋ ನೋಡಿದೀನಲ್ಲ ಅನಿಸ್ತು, ಥೀಸಿಸ್‌ಗಳನ್ನ ಆನ್‌ಲೈನಲ್ಲಿ ಇಟ್ಟಿರೋ ಶೋಧಗಂಗಾದಲ್ಲಿ ಹುಡುಕಿದ್ರೆ ಬೇರೆ ಯೂನಿವರ್ಸಿಟಿಯ ಹಳೇ ಥೀಸಿಸ್‌ನಿಂದ ಪ್ಯಾರಾಗಟ್ಟಲೆ ಎತ್ತಿ ಹಾಕಿದಾನೆ, ಎಲ್ಲೂ ಹೆಸರಿಲ್ಲ. ಕಾಪಿ ಹಿಡಿಯೋ ಸಾಫ್ಟ್‌ವೇರ್ ರಿಪೋರ್ಟ್ ಮಾತ್ರ ಕ್ಲೀನ್ ಬಂದಿದೆಯಂತೆ. ಗೈಡೇ ಎಚ್‌ಓಡಿ, ಅಂದ್ರೆ ವಿಭಾಗದ ಮುಖ್ಯಸ್ಥರು. ಬಾಯಿ ಬಿಟ್ರೆ ಮುಂದಿನ ವರ್ಷ ನನಗೆ ಕ್ಲಾಸ್ ಸಿಗುತ್ತೋ ಇಲ್ವೋ. ಏನ್ ಮಾಡ್ಲಿ?

ಉತ್ತರ: ಹೇಳ್ಬೇಕಮ್ಮ, ಅದೂ ಅವನು ಸಬ್ಮಿಟ್ ಮಾಡೋಕೆ ಮುಂಚೆನೇ. ರಿಪೋರ್ಟ್ ಕ್ಲೀನ್ ಇದೆ ಅನ್ನೋದನ್ನ ನಂಬ್ಕೊಂಡು ಕೂರಬೇಡಿ, ಕನ್ನಡದ ಹಳೇ ಥೀಸಿಸ್‌ಗಳು ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲಾಂದ್ರೆ ಯೂನಿಕೋಡ್ ಅಲ್ಲದ ಹಳೇ ಫಾಂಟಿನ ಪಿಡಿಎಫ್‌ಗಳು, ಅದರೊಳಗಿನ ಕನ್ನಡವನ್ನ ಸಾಫ್ಟ್‌ವೇರ್ ಸರಿಯಾಗಿ ಓದೋದು ಕಷ್ಟ. ಇಂಗ್ಲಿಷಿಂದ ಅನುವಾದ ಮಾಡಿ ಹಾಕಿದ್ರಂತೂ ಇನ್ನೂ ಕಷ್ಟ. ನಿಮ್ಮ ಹಾಗೆ ಕೂತು ಓದೋರೇ ಹಿಡೀಬೇಕು, ಅದಕ್ಕೇ ನೀವು ಸುಮ್ನಿದ್ರೆ ಇದು ಹಾಗೇ ದಾಟಿ ಹೋಗುತ್ತೆ ಅನ್ನೋ ಭಯ ನನಗೆ.

ಮೊದಲು ಎರಡೂ ಥೀಸಿಸ್‌ನ ಪುಟಗಳನ್ನ ಅಕ್ಕಪಕ್ಕ ಇಟ್ಟು ಪುಟಸಂಖ್ಯೆ ಸಮೇತ ಪಟ್ಟಿ ಮಾಡಿ. ಉಲ್ಲೇಖ ಕೊಟ್ಟ ಸಾಲು, ಗ್ರಂಥಸೂಚಿ, ಎಲ್ಲರೂ ಬಳಸೋ ಪದಗಳು ಇವನ್ನೆಲ್ಲ ಬಿಟ್ಬಿಡಿ. ‘ಕಳ್ಳ’, ‘ಮೋಸ’ ಅಂತ ಬರೀಬೇಡಿ, ಈ ಪುಟ ಆ ಪುಟದ ಥರಾನೇ ಇದೆ ಅಂತಷ್ಟೇ ಬರೀರಿ, ತೀರ್ಮಾನ ನಿಮ್ಮ ಕೆಲಸ ಅಲ್ಲ. ಥೀಸಿಸ್ ಇನ್ನೂ ಒಳಗೆ ಹೋಗಿಲ್ಲ ಅಂದ್ರೆ ಆ ಪಟ್ಟಿಯನ್ನ ಹುಡುಗನಿಗೂ ಗೈಡಿಗೂ ತೋರಿಸಿ, ಈಗ ತಿದ್ದಿದ್ರೆ ಅವನ ವರ್ಷಗಳು ಉಳಿಯುತ್ತೆ. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ 2018ರ ನಿಯಮದ ಪ್ರಕಾರ ಕೃತಿಚೌರ್ಯ ಇಲ್ಲ ಅಂತ ಗೈಡೂ ಸರ್ಟಿಫಿಕೇಟ್ ಕೊಡಬೇಕು, ಅಂದ್ರೆ ಎಚ್‌ಓಡಿಯವರ ಸಹಿಯೂ ಇದರಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಆ ಮಾತನ್ನ ಅವರಿಗೆ ಮರ್ಯಾದೆಯಿಂದಲೇ ಹೇಳಬಹುದು.

ಅವರು ಕೇಳಲಿಲ್ಲ, ಹಾಗೇ ಸಬ್ಮಿಟ್ ಆಯ್ತು ಅಂದ್ರೆ ಲಿಖಿತ ದೂರು. ಅದೇ ನಿಯಮದಲ್ಲಿ ಪ್ರತಿ ವಿಭಾಗಕ್ಕೂ ಇಂಥ ದೂರು ವಿಚಾರಿಸೋಕೆ ಡಿಎಐಪಿ ಅಂತ ಒಂದು ಪ್ಯಾನೆಲ್ ಇದೆ, ಅಧ್ಯಕ್ಷರು ಎಚ್‌ಓಡಿಯೇ, ಜೊತೆಗೆ ಬೇರೆ ವಿಭಾಗದ ಹಿರಿಯರೊಬ್ಬರು ಮತ್ತೆ ಸಾಫ್ಟ್‌ವೇರ್ ಗೊತ್ತಿರೋರೊಬ್ಬರು ಇರ್ತಾರೆ, 45 ದಿನದಲ್ಲಿ ವರದಿಯನ್ನ ಯೂನಿವರ್ಸಿಟಿ ಮಟ್ಟದ ಐಎಐಪಿ ಪ್ಯಾನೆಲ್‌ಗೆ ಕೊಡಬೇಕು. ನಿಮ್ಮ ಕೇಸಲ್ಲಿ ಅಧ್ಯಕ್ಷರೇ ಗೈಡ್ ಆಗಿರೋದ್ರಿಂದ ಒಂದು ಪ್ರತಿ ನೇರ ಐಎಐಪಿಗೂ ಕಳಿಸಿ, ಗೈಡ್ ಈ ವಿಚಾರಣೆಯಲ್ಲಿ ಕೂರಬಾರದು ಅಂತ ಅದರಲ್ಲೇ ಕೇಳ್ಕೊಳ್ಳಿ, ಸ್ವೀಕೃತಿ ತಗೊಳ್ಳಿ. ಹೆಸರಿಲ್ಲದ ಅರ್ಜಿ ಬೇಡ, ಅದು ಕಸದ ಬುಟ್ಟಿ ಸೇರೋದೇ ಹೆಚ್ಚು.

ಕೆಲಸದ ಭಯ ನಿಜ, ಅದನ್ನ ಸುಳ್ಳು ಅನ್ನಲ್ಲ. ಒಬ್ಬರೇ ಹೋಗ್ಬೇಡಿ, ನಂಬಿಕೆಯ ಪರ್ಮನೆಂಟ್ ಪ್ರೊಫೆಸರ್ ಒಬ್ಬರನ್ನ ಜೊತೆಗಿಟ್ಕೊಳ್ಳಿ. ಹುಡುಗನ ಬಗ್ಗೆನೂ ಹೇಳ್ತೀನಿ, ಶೇಕಡಾ 10ರವರೆಗೆ ಹೋಲಿಕೆ ಇದ್ರೆ ಶಿಕ್ಷೆ ಇಲ್ಲ, 40ರವರೆಗೆ ಇದ್ರೆ ತಿದ್ದಿ ಕೊಡೋಕೆ ಆರು ತಿಂಗಳೊಳಗೆ ಟೈಮ್, 60ರವರೆಗೆ ಅಂದ್ರೆ ಒಂದು ವರ್ಷ ತಿದ್ದಿದ್ದನ್ನೂ ಕೊಡೋ ಹಾಗಿಲ್ಲ, 60 ದಾಟಿದ್ರೆ ರಿಜಿಸ್ಟ್ರೇಷನ್ನೇ ಕ್ಯಾನ್ಸಲ್. ಅವನಿಗೆ ತನ್ನ ಮಾತು ಹೇಳೋಕೆ ಅವಕಾಶ ಕೊಡದೆ ಯಾವ ಶಿಕ್ಷೆಯೂ ಕೊಡೋ ಹಾಗಿಲ್ಲ, ಅದೂ ನಿಯಮದಲ್ಲೇ ಇದೆ. ಸ್ಟಾಫ್ ರೂಮಲ್ಲಿ, ವಾಟ್ಸಾಪಲ್ಲಿ ಮಾತ್ರ ಇದನ್ನ ಆಡ್ಬೇಡಿ.

ಪ್ರಶ್ನೆ: ನನ್ನ ಕ್ಲಾಸ್‌ಮೇಟ್ ಬಿ.ಎ. ಅಸೈನ್‌ಮೆಂಟ್ ಪೂರ್ತಿ ಚಾಟ್‌ಜಿಪಿಟಿಲಿ ಬರೆಸಿದಾಳೆ, ಯುಜಿಸಿಗೆ ಕಂಪ್ಲೇಂಟ್ ಕೊಡಬಹುದಾ?

ಉತ್ತರ: ಇಲ್ಲಪ್ಪ, ಕೃತಿಚೌರ್ಯದ ಬಗ್ಗೆ ಯುಜಿಸಿಯ ಆ 2018ರ ನಿಯಮದಿಂದ ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರಪತ್ರಿಕೆಗಳನ್ನ ಹೊರಗಿಟ್ಟಿದಾರೆ, ಅದು ನಿಮ್ಮ ಕಾಲೇಜಿನ ನಿಯಮಕ್ಕೆ ಸೇರಿದ್ದು. ಎಐ ಡಿಟೆಕ್ಟರ್ ಸ್ಕ್ರೀನ್‌ಶಾಟ್ ಹಿಡ್ಕೊಂಡು ಹೋಗ್ಬೇಡ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಡಿಟೆಕ್ಟರನ್ನ ನಿಖರತೆ ಕಡಿಮೆ ಅಂತ 2023ರಲ್ಲಿ ನಿಲ್ಲಿಸಿಬಿಡ್ತು. ಅವಳೇ ನಿನ್ನ ಹತ್ರ ಹೇಳಿದಾಳಾ, ನೀನೇ ಕಣ್ಣಾರೆ ನೋಡಿದೀಯಾ? ಹಾಗಿದ್ರೆ ಅಸೈನ್‌ಮೆಂಟ್ ಕೊಟ್ಟ ಮೇಷ್ಟ್ರ ಹತ್ರ ಹೋಗಿ ಅಷ್ಟನ್ನೇ ಹೇಳು, ಅವರು ಅವಳನ್ನ ಕೂರಿಸಿಕೊಂಡು ಅದೇ ವಿಷಯದ ಮೇಲೆ ಹತ್ತು ನಿಮಿಷ ಪ್ರಶ್ನೆ ಕೇಳಿದ್ರೆ ಗೊತ್ತಾಗುತ್ತೆ. ಬರೀ ಅನುಮಾನ ಆದ್ರೆ ಬಿಟ್ಬಿಡು.