ಅಜ್ಜನ ಕಾಲದ .32 ಪಿಸ್ತೂಲಿಗೆ ಯಾವ ತೋಟಾ ಹಾಕಬಹುದು?

ಅಜ್ಜನ ವೆಬ್ಲಿ ಆಂಡ್ ಸ್ಕಾಟ್ ಪಿಸ್ತೂಲು ನಿಮ್ಮ ಲೈಸೆನ್ಸಿಗೆ ಬಂದಿದೆ, ರೇಂಜಿನಲ್ಲಿ ಒಂದು ಈಡು 'ಟುಸ್' ಅಂದು ಸುಮ್ಮನಾಯಿತು, ಕಾರ್ಖಾನೆಯ ಹೊಸ ತೋಟಾ ಕೂಡ ಹೀಗೆ ಕೈಕೊಡುತ್ತದಾ ಅಂತ ಕೇಳಿದ್ದೀರಿ. ಕೊಡುತ್ತದೆ. ರಾಶಿಗಟ್ಟಲೆ ತಯಾರಾಗುವಾಗ ಯಾವುದೋ ಒಂದಕ್ಕೆ ಮದ್ದು ಬೀಳದೇ ಹೋಗಬಹುದು, ಇನ್ನೊಂದರ ಬುಡದ ಕ್ಯಾಪ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ತಲೆಕೆಳಗಾಗಿ ಕೂತಿರಬಹುದು. ಎಷ್ಟು ದೊಡ್ಡ ಬ್ರಾಂಡ್ ಆದರೂ ಇದು ತಪ್ಪಿದ್ದಲ್ಲ.

ಆದರೆ ಅಪಾಯ ಆ 'ಟುಸ್'ನಲ್ಲಿಲ್ಲ, ಅದರ ನಂತರದ ಈಡಿನಲ್ಲಿದೆ. ಮದ್ದಿಲ್ಲದಿದ್ದರೂ ಕ್ಯಾಪಿನ ಶಕ್ತಿಯೊಂದೇ ಸಾಕು, ಗುಂಡು ಕೇಸಿನಿಂದ, ಅಂದರೆ ತೋಟಾದ ಹಿತ್ತಾಳೆ ಕೊಳವೆಯಿಂದ, ಹೊರಟು ನಳಿಗೆಯ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಸ್ಲೈಡ್ (ಈಡಿಗೊಮ್ಮೆ ಹಿಂದೆ ಸರಿಯುವ ಮೇಲಿನ ಭಾಗ) ಹಿಂದೆ ಬಂದಿರುವುದಿಲ್ಲ, ಏನೋ ಜಾಮ್ ಆಯಿತು ಅಂದುಕೊಂಡು ಕೈ ತಾನಾಗಿ ಸ್ಲೈಡ್ ಎಳೆದು ಇನ್ನೊಂದು ತೋಟಾ ಏರಿಸಿಬಿಡುತ್ತದೆ, ಆಮೇಲೆ ಟ್ರಿಗರ್ ಒತ್ತಿದರೆ ನಳಿಗೆ ಉಂಗುರದ ಹಾಗೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ರಿವಾಲ್ವರಿನಲ್ಲಿ ಇನ್ನೂ ಕಷ್ಟ, ಎಳೆಯುವ ಕೆಲಸವೇ ಇಲ್ಲ ನೋಡಿ, ಮುಂದಿನದು ಸಿದ್ಧವಾಗಿಯೇ ಇರುತ್ತದೆ.

ಹಾಗಾಗಿ ಸದ್ದು ಸಣ್ಣದಾಯಿತಾ, ನಿಲ್ಲಿಸಿ. ಸದ್ದೇ ಬರದಿದ್ದರೆ ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷವಾದರೂ ಕಾಯಿರಿ, ಕೆಲವು ತಡವಾಗಿ ಸಿಡಿಯುತ್ತವೆ. ಆಮೇಲೆ ಮ್ಯಾಗಜಿನ್ ತೆಗೆದು, ಚೇಂಬರ್ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಖಾಲಿ ಮಾಡಿ, ನಳಿಗೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಆಚೆಗಿನ ಬೆಳಕು ಪೂರ್ತಿ ದುಂಡಗೆ ಕಾಣಬೇಕು. ಕಾಣದಿದ್ದರೆ ಕಬ್ಬಿಣದ ಸರಳು ತುರುಕಿ ಬಡಿಯಬೇಡಿ, ಗನ್‌ಸ್ಮಿತ್ ಹತ್ತಿರ ಕೊಡಿ.

ಇನ್ನು ಯಾವುದು ಕೊಳ್ಳೋದು ಅಂದರೆ, ಮೊದಲು ಪಿಸ್ತೂಲಿನ ಮೇಲೆ ಕೆತ್ತಿದ್ದನ್ನು ಓದಿ. .32 ಎಸಿಪಿಯೂ 7.65 ಬ್ರೌನಿಂಗೂ ಒಂದೇ, 1899ರಿಂದ ಇರುವ ತೋಟಾ. 7.65 ಪ್ಯಾರಾಬೆಲಮ್ ಬೇರೆ. ಅಂಗಡಿಯಲ್ಲಿ ಬರೀ '32 ಕೊಡಿ' ಅಂದರೆ .32 ಎಸ್ ಆಂಡ್ ಡಬ್ಲ್ಯೂ ಲಾಂಗ್ ಕೈಗೆ ಬರಬಹುದು, ಅದು ರಿವಾಲ್ವರಿನದು, ನಿಮ್ಮದಕ್ಕೆ ಆಗುವುದಿಲ್ಲ. 71 ಗ್ರೇನ್ ತೂಕದ, ತಾಮ್ರದ ಹೊದಿಕೆಯ ದುಂಡು ಮೂತಿಯ ಗುಂಡನ್ನೇ ಕೇಳಿ. ಈ ತೋಟಾಕ್ಕೆ ಬುಡದಲ್ಲಿ ಸಣ್ಣ ಅಂಚಿದೆ. ಗಿಡ್ಡದಾದ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ ಗುಂಡು) ಹಾಕಿದರೆ ಮ್ಯಾಗಜಿನ್ನಿನಲ್ಲಿ ಹಿಂದೆ ಮುಂದೆ ಜಾರಿ ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಿಕೊಳ್ಳುತ್ತದೆ. 'ಪ್ಲಸ್ ಪಿ' ಅಂತ ಬರೆದ ಹೆಚ್ಚು ಒತ್ತಡದ ತೋಟಾ ಹಳೇ ಪಿಸ್ತೂಲಿಗೆ ಬೇಡವೇ ಬೇಡ. .32 ಎಸಿಪಿಗೆ ಹಾಗೊಂದು ಒಪ್ಪಿತ ಅಳತೆಯೇ ಇಲ್ಲ, ತಯಾರಿಸಿದವರು ತಾವೇ ಇಟ್ಟುಕೊಂಡ ಹೆಸರು. ನಿಮ್ಮ ವೆಬ್ಲಿಯ ಬಲಗಡೆ ಹಿಡಿಕೆಯ ಒಳಗೆ ಇಂಗ್ಲಿಷ್ 'ವಿ' ಆಕಾರದ ಒಂದು ಸ್ಪ್ರಿಂಗ್ ಇದೆ. ಸ್ಲೈಡಿನ ಹೊಡೆತವನ್ನೆಲ್ಲ ತಡೆಯೋದು ಅದೇ, ಅಜ್ಜನ ಕಾಲದ್ದು ಸೋತಿರಬಹುದು, ತೋಟಾಕ್ಕೆ ಮೊದಲು ಅದನ್ನು ತೋರಿಸಿಕೊಳ್ಳಿ.

ನಮ್ಮ ಕರಾವಳಿಯಲ್ಲಿ ತೋಟಾಗಳು ಕಾರ್ಖಾನೆಗಿಂತ ಜಾಸ್ತಿ ಮನೆಯ ಕಪಾಟಿನಲ್ಲೇ ಹಾಳಾಗುತ್ತವೆ ಅನ್ನೋದು ನನ್ನ ಅಂಬೋಣ. ಉಡುಪಿಯ ಮಳೆಗಾಲ ನಿಮಗೇನು ಹೇಳಬೇಕಾ? ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ತೋಟಾ ತೆಗೆದು ನೋಡಿ, ಚರ್ಮ ತಾಗಿದ ಕಡೆ ಹಸಿರು ಕಿಲುಬು ಕಟ್ಟಿರುತ್ತದೆ. ಕಿಲುಬು ಹಿತ್ತಾಳೆಯನ್ನು ತಿನ್ನುತ್ತದೆ, ಉಜ್ಜಿ ಹೊಳಪು ಬರಿಸಿ ಬಳಸಬಾರದು. ಎಣ್ಣೆಯೂ ಅಷ್ಟೇ. ತೆಂಗಿನೆಣ್ಣೆ ಹಚ್ಚುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅದು ಪಿಸ್ತೂಲಿನೊಳಗೆ ಅಂಟಾಗಿ ಕೂರುತ್ತದೆ, ಯಾವ ಎಣ್ಣೆಯೇ ಆದರೂ ಕ್ಯಾಪಿನ ಅಂಚಿನಿಂದ ಒಳಗೆ ಇಳಿದರೆ ತೋಟಾ ಸತ್ತಂತೆ. ಗಾಳಿಯಾಡದ ಡಬ್ಬಿ, ಒಂದು ಸಿಲಿಕಾ ಪೊಟ್ಟಣ, ಅಷ್ಟು ಸಾಕು.

ಇನ್ನೊಂದು ಅಭ್ಯಾಸ. ರಾತ್ರಿ ತುಂಬಿಸಿ ಬೆಳಿಗ್ಗೆ ತೆಗೆಯುವವರು ಮೇಲಿನ ಒಂದೇ ತೋಟಾವನ್ನು ಮತ್ತೆ ಮತ್ತೆ ಚೇಂಬರಿಗೆ ಏರಿಸುತ್ತಾರೆ. ಪ್ರತಿ ಸಲ ಮೂತಿ ತಾಗಿ ಗುಂಡು ಕೇಸಿನೊಳಗೆ ಚೂರು ಚೂರೇ ಜರಗುತ್ತದೆ, ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಅದನ್ನು ಡಬ್ಬಿಯ ಹೊಸದರ ಪಕ್ಕ ಮೇಜಿನ ಮೇಲೆ ನಿಲ್ಲಿಸಿ ನೋಡಿ, ಗಿಡ್ಡವಾಗಿದ್ದರೆ ಬೇರೆ ಇಡಿ.

ಬೇರೆ ಇಟ್ಟದ್ದನ್ನು ಬಾವಿಗೋ ಒಲೆಗೋ ಎಸೆಯಬೇಡಿ ಮತ್ತೆ. ನಿಮ್ಮ ಲೈಸೆನ್ಸಿನಲ್ಲಿ ಪ್ರತಿಯೊಂದಕ್ಕೂ ಲೆಕ್ಕ ಇದೆ, ಡೀಲರ್ ಅಥವಾ ಠಾಣೆಗೆ ಒಪ್ಪಿಸಿ ಬರೆಸಿಕೊಂಡು ಬನ್ನಿ.