ಅಪ್ಪನಿಗೆ ಯುರೋಲಿಥಿನ್ ಎ ಕೊಡಿಸಬಹುದಾ? ದಾಳಿಂಬೆ ತಿಂದ್ರೆ ಸಾಲದಾ?

ನಿಮ್ಮ ತಂದೆಯವರಿಗೆ 68, ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತೆ ಅಂತ ಬರೆದಿದ್ದೀರಿ. ನನಗೆ 63. ಸ್ನಾಯುಗಳ ಬಲಕ್ಕೆ ಅಂತ ಮಾರುವ ಈ ಯುರೋಲಿಥಿನ್ ಎ ಮಾತ್ರೆಯನ್ನು ಮಗಳು ಅಮೆರಿಕದಿಂದ ತಂದಳು, ನಾಲ್ಕು ತಿಂಗಳು ನುಂಗಿದ್ದೇನೆ.

ಮೊದಲು ದಾಳಿಂಬೆ ವಿಷಯ. ಹಣ್ಣಿನಲ್ಲಿ ಈ ಯುರೋಲಿಥಿನ್ ಇರುವುದೇ ಇಲ್ಲ! ಅದರಲ್ಲಿರುವುದು ಎಲಾಜಿಟ್ಯಾನಿನ್ ಅನ್ನೋ ಒಗರು ಅಂಶ. ಅದೂ ನಾವು ಬಿಸಾಡುವ ಸಿಪ್ಪೆಯಲ್ಲೇ ಜಾಸ್ತಿ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಯುರೋಲಿಥಿನ್ ಮಾಡಬೇಕು. ಆ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇರಲ್ಲ. ಒಂದು ಅಧ್ಯಯನದಲ್ಲಿ ದಾಳಿಂಬೆ ಜ್ಯೂಸ್ ಕುಡಿದವರ ಪೈಕಿ ಸುಮಾರು ಶೇ 40 ಮಂದಿಯಲ್ಲಷ್ಟೇ ಅದು ಸರಿಯಾಗಿ ತಯಾರಾಗಿತ್ತು. ಮಾತ್ರೆಯಲ್ಲಾದರೆ ಸಿದ್ಧವಾದದ್ದೇ ಸಿಗುತ್ತದೆ.

ಕೆಲಸ ಮಾಡುತ್ತಾ? ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಸವೆದಾಗ ಅವನ್ನು ಗುಡಿಸಿ ತೆಗೆಯಲು ಇದು ನೆರವಾಗುತ್ತೆ ಅಂತ 2016ರಲ್ಲಿ ಹುಳು, ಇಲಿಗಳಲ್ಲಿ ಕಂಡಿತ್ತು. 2022ರಲ್ಲಿ 65 ದಾಟಿದ 66 ಜನರಲ್ಲಿ ಅರ್ಧ ಮಂದಿಗೆ ದಿನಕ್ಕೆ 1000 ಮಿಲಿಗ್ರಾಂ, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನಾಲ್ಕು ತಿಂಗಳು ನೋಡಿದರು. ಯುರೋಲಿಥಿನ್ ತಗೊಂಡವರ ಕೈಕಾಲಿನ ಸ್ನಾಯು ದಣಿಯುವುದು ತಡವಾಯಿತು. ಆದರೆ ಆರು ನಿಮಿಷದಲ್ಲಿ ಎಷ್ಟು ದೂರ ನಡೀತಾರೆ ಅಂತ ಅಳೆದಾಗ, ಹುಸಿ ಮಾತ್ರೆ ತಗೊಂಡವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಿಮ್ಮ ಅಪ್ಪನಿಗೆ ಬೇಕಿರುವುದು ನಡಿಗೆ ಅಲ್ವಾ?

ನನ್ನ ಕಥೆ ಕೇಳಿ. ಮಾತ್ರೆ ಶುರು ಮಾಡಿದ ವಾರವೇ ಜಯನಗರದ ಫಿಸಿಯೋಥೆರಪಿಸ್ಟ್ ಒಬ್ಬರು ಊಟದ ಮೇಜಿನ ಕುರ್ಚಿ ತೋರಿಸಿದರು. ಕೈ ಎದೆಗೆ ಕಟ್ಟಿಕೊಂಡು, ಎಲ್ಲೂ ಊರದೆ, 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತೀರಿ ಅಂತ. ಮೊದಲ ದಿನ ಎಂಟು. ಎಂಟನೇದಕ್ಕೆ ತೊಡೆ ಗಡಗಡ ನಡುಗಿತ್ತು. ದಿನಾ ಎರಡು ಹೊತ್ತು ಮಾಡಿದೆ. ನಾಲ್ಕು ತಿಂಗಳಿಗೆ ಹದಿಮೂರಾಯಿತು. ಲಾಲ್‌ಬಾಗಿನ ಬಂಡೆಯನ್ನು ನಡುವೆ ನಿಲ್ಲದೆ ಹತ್ತಿದೆ. ಮಗಳು "ನೋಡಮ್ಮ, ಮಾತ್ರೆ!" ಅಂದಳು. ಡಬ್ಬಿ ಖಾಲಿಯಾಯಿತು, ದುಬಾರಿ ಅಂತ ಮತ್ತೆ ತರಿಸಲಿಲ್ಲ. ಕುರ್ಚಿ ಮಾತ್ರ ಬಿಡಲಿಲ್ಲ. ಮೂರು ತಿಂಗಳ ಮೇಲೆ ಎಣಿಸಿದರೆ ಹದಿನಾಲ್ಕು.

ನಾನಾದರೆ ಆ ದುಡ್ಡನ್ನು ಊಟಕ್ಕೆ ಹಾಕುತ್ತೇನೆ. ನಮ್ಮ ಮನೆಗಳಲ್ಲಿ ವಯಸ್ಸಾದವರು ರಾತ್ರಿ ಅನ್ನ ತಿಳಿಸಾರಲ್ಲೇ ಮುಗಿಸಿಬಿಡುತ್ತಾರೆ. ಹೆಸರುಕಾಳು ಉಸಲಿ, ಗಟ್ಟಿ ಮೊಸರು, ತಿನ್ನುವವರಾದರೆ ಮೊಟ್ಟೆ ಸೇರಿಸಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಿ. ಕಾಲಿನ ಸೋಲು ಇತ್ತೀಚೆಗೆ ದಿಢೀರ್ ಶುರುವಾಗಿದ್ದರೆ ಮಾತ್ರೆ, ಕುರ್ಚಿ ಎರಡೂ ಆಮೇಲೆ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ.