ಹೊರಗಿನ ವೇರ್ ಎಲ್ಲಿ?

ಪ್ರಶ್ನೆ: ದಾವಣಗೆರೆಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ‘ಸರಕು’ ಟೇಬಲಿನಲ್ಲಿ 1,200 ಸಾಲುಗಳಿವೆ. ‘ಹೊಸದರ’ ಟೇಬಲಿನಿಂದ 300 ದರ ತುಂಬಲು ಅಪ್‌ಡೇಟ್ ಕೊಟ್ಟೆ. ಆ 300 ಸರಿಯಾದವು, ಉಳಿದ 900 ಖಾಲಿಯಾದವು. ಕಂಪ್ಯೂಟರ್ ರಿಪೇರಿಯವರು ಖಾಲಿ ಇದ್ದಲ್ಲಿ ಸೊನ್ನೆ ಹಾಕಿ ಎನ್ನುತ್ತಾರೆ. ಡೇಟಾಬೇಸ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಮುಂಗಾರಿಗೆ ಮುಂಚೆ ದರಪಟ್ಟಿ ಬದಲಾದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ, ದರ ಅಳಿಸಿಹೋದ ಮೇಲೆಯೇ ಬರುತ್ತದೆ. ಮೊದಲು, ಸೊನ್ನೆ ಹಾಕಬೇಡಿ. ಹಾಕಿದರೆ ನಾಳೆ ಗೊಬ್ಬರದ ಚೀಲಕ್ಕೆ ಸೊನ್ನೆ ರೂಪಾಯಿಯ ಬಿಲ್ ಬರುತ್ತದೆ, ಯಾವ ದರ ಅಳಿಸಿಹೋಗಿತ್ತು ಎಂಬ ಗುರುತೂ ಉಳಿಯುವುದಿಲ್ಲ. ಅರಿಯದವರ ಇಂಥ ಸಲಹೆಯಿಂದ ಆಗುವ ಹಾನಿ ಮೂಲ ತಪ್ಪಿಗಿಂತ ದೊಡ್ಡದು.

ನೀವು ‘ಸೆಟ್ ದರ =’ ಎಂದು ಬರೆದು, ಆವರಣದೊಳಗೆ ಹೊಸದರದಿಂದ ಸೆಲೆಕ್ಟ್ ಮಾಡಿದ್ದೀರಿ. ಸರಕಿನ ಸಂಕೇತ ಹೊಂದಿಸುವ ವೇರ್, ಅಂದರೆ ಷರತ್ತು, ಆವರಣದೊಳಗಿದೆ. ಯಾವ ದರ ತರಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ಯಾವ ಸಾಲನ್ನು ಮುಟ್ಟಬೇಕು ಎಂದು ಹೇಳುವುದು ಹೊರಗಿನ ವೇರ್. ನೀವು ಅದನ್ನು ಬರೆದೇ ಇಲ್ಲ. ಹಾಗಾಗಿ 1,200 ಸಾಲುಗಳನ್ನೂ ಮುಟ್ಟಿತು. ಜೊತೆ ಸಿಗದ 900ಕ್ಕೆ ಒಳಗಿನ ಸೆಲೆಕ್ಟ್ ಏನನ್ನೂ ತರದೆ ನಲ್, ಅಂದರೆ ಖಾಲಿ, ಕುಳಿತಿತು. ಜೊತೆ ಇದ್ದ ಸಾಲನ್ನಷ್ಟೇ ಮುಟ್ಟು ಎನ್ನುವ ‘ವೇರ್ ಎಕ್ಸಿಸ್ಟ್ಸ್’ ಅನ್ನು ಹೊರಗೆ ಸೇರಿಸಿ. ಅದಕ್ಕಿಂತ ಒಳ್ಳೆಯದು, ಸರಕಿಗೆ ಹೊಸದರವನ್ನು ಸಂಕೇತದ ಮೇಲೆ ಜಾಯಿನ್ ಮಾಡಿ (ಜೋಡಿಸಿ) ಆಮೇಲೆ ಸೆಟ್ ಬರೆಯಿರಿ. ಜೊತೆಯಿಲ್ಲದ ಸಾಲು ಅಲ್ಲಿ ಬರುವುದೇ ಇಲ್ಲ.

ಹೋದ ದರಗಳನ್ನು ನಿನ್ನೆಯ ಬ್ಯಾಕಪ್‌ನಿಂದ ತನ್ನಿ. ಆದರೆ ಇಡೀ ಡೇಟಾಬೇಸಿನ ಮೇಲೆ ಅದನ್ನು ಹೇರಬೇಡಿ, ಇವತ್ತಿನ ಬಿಲ್ಲುಗಳು ಹೋಗುತ್ತವೆ. ಬ್ಯಾಕಪ್‌ನ ಸರಕು ಟೇಬಲನ್ನು ‘ಹಳೆದರ’ ಎಂಬ ಬೇರೆ ಹೆಸರಿನಲ್ಲಿ ತೆರೆದು, ಅದೇ ಜಾಯಿನ್‌ನಿಂದ, ದರ ನಲ್ ಇರುವ ಸಾಲುಗಳಿಗೆ ಮಾತ್ರ ತುಂಬಿ.

ನಾನು ಇಂದಿಗೂ ಅಪ್‌ಡೇಟ್‌ಗೆ ಮುಂಚೆ ಅದೇ ಜಾಯಿನ್ ಅನ್ನು ಸೆಲೆಕ್ಟ್ ಆಗಿ ನಡೆಸಿ ಸಾಲು ಎಣಿಸುತ್ತೇನೆ. 300ಕ್ಕೆ ಒಂದು ಕಡಿಮೆ ಬಂದರೂ ಮುಂದೆ ಹೋಗುವುದಿಲ್ಲ. ಎಕ್ಸೆಲ್‌ನಿಂದ ಬಂದ ಸಂಕೇತದಲ್ಲಿ ಮೊದಲ ಸೊನ್ನೆ ಹಾರಿಹೋಗಿರುತ್ತದೆ, ಇಲ್ಲವೇ ಹಿಂದೆಯೋ ಮುಂದೆಯೋ ಖಾಲಿ ಜಾಗ ಅಂಟಿರುತ್ತದೆ. ಆಮೇಲೆ ಟ್ರಾನ್ಸಾಕ್ಷನ್ (ಖಾಯಂ ಆಗುವ ಮುಂಚೆ ಹಿಂದೆ ಪಡೆಯಬಹುದಾದ ಕೆಲಸ) ತೆರೆದು ಅಪ್‌ಡೇಟ್ ಕೊಡುತ್ತೇನೆ; ಲೆಕ್ಕ ತಾಳೆಯಾದರೆ ಮಾತ್ರ ಕಮಿಟ್, ಅಂದರೆ ಖಾಯಂ. ಮೈಎಸ್‌ಕ್ಯೂಎಲ್ ಹೊಂದಿದ ಸಾಲು, ಬದಲಾದ ಸಾಲು ಎಂದು ಎರಡು ಸಂಖ್ಯೆ ತೋರಿಸುತ್ತದೆ. ದರ ಮೊದಲಿನಷ್ಟೇ ಇದ್ದರೆ ಎರಡನೆಯದು ಕಡಿಮೆ ಇರುತ್ತದೆ, ಗಾಬರಿ ಬೇಡ.

ಹರಿಹರದಿಂದ: ಬದಲಾವಣೆ ಹಿಂದೆ ಪಡೆಯುವ ರೋಲ್‌ಬ್ಯಾಕ್ ಕೊಟ್ಟರೂ ಹಳೆಯದು ಮರಳಲಿಲ್ಲ.
ಟ್ರಾನ್ಸಾಕ್ಷನ್ ತೆರೆಯದಿದ್ದರೆ ಮೈಎಸ್‌ಕ್ಯೂಎಲ್ ತಾನಾಗಿಯೇ ಕಮಿಟ್ ಮಾಡುತ್ತದೆ.

ಚಳ್ಳಕೆರೆಯಿಂದ: ಎಲ್ಲ ಡೇಟಾಬೇಸಿಗೂ ನಡೆಯುವ ಒಂದೇ ಆಜ್ಞೆಯನ್ನು ವಿಡಿಯೊದಲ್ಲಿ ಕಲಿಸುತ್ತಾರೆ. ನಂಬಬಹುದೇ?
ಬೇಡ. 2003ರ ಎಸ್‌ಕ್ಯೂಎಲ್ ಮಾನದಂಡದಲ್ಲೇ ಸೇರಿದ ‘ಮರ್ಜ್’ ಆಜ್ಞೆ ಕೂಡ ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ.

ಹೊಳಲ್ಕೆರೆಯಿಂದ: ಒಂದೇ ಸಂಕೇತಕ್ಕೆ ಎರಡು ದರಗಳಿದ್ದರೆ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಯಾವುದನ್ನು ತುಂಬುತ್ತದೆ?
‘ಅಪ್‌ಡೇಟ್ ಫ್ರಮ್’ ಬರೆದಿದ್ದರೆ ಎರಡರಲ್ಲಿ ಯಾವುದೋ ಒಂದನ್ನು, ದೋಷ ತೋರಿಸದೆ. ಆಜ್ಞೆ ಕೊಡುವ ಮೊದಲು ದರಪಟ್ಟಿ ಕಳಿಸಿದವರಿಗೆ ಫೋನ್ ಮಾಡಿ.